ಅಕಾಲಿಕವೋ, ಅವಧಿಪೂರ್ವವೋ, ದಿನ ತುಂಬದ್ದೋ?

ಎಲ್ಲರಿಗೂ ನಮಸ್ಕಾರ. ಅಕ್ಕಪಕ್ಕದ ದೇಶಗಳಲ್ಲಿ ಬೇಗ ಹುಟ್ಟುವ ಮಕ್ಕಳ ಪ್ರಮಾಣ ಹೇಗೆ ಬದಲಾಗುತ್ತಾ ಬಂದಿದೆ ಅಂತ ಒಂದು ಬರಹ ಬರೆಯುತ್ತಿದ್ದೇನೆ. ಮುಖ್ಯವಾಗಿ ಅಮೆರಿಕ ಮತ್ತು ಕೆನಡಾ, ಜೊತೆಗೆ ಭಾರತ ಮತ್ತು ಬಾಂಗ್ಲಾದೇಶ. ಕೆಲವು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿಕೊಡಿ.

ಮೊದಲನೆಯದು 'ಪ್ರೀಟರ್ಮ್', ಅಂದರೆ ಹೀಗೆ ಬೇಗ ಹುಟ್ಟುವುದಕ್ಕೆ ಇಂಗ್ಲಿಷಿನ ಪದ. ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು 'ಅಕಾಲಿಕ ಜನನ'. ನನಗೆ ಇದು ಹಿಡಿಸುವುದಿಲ್ಲ. ಅಕಾಲಿಕ ಮಳೆ ಅಂದರೆ ಹೊತ್ತಲ್ಲದ ಹೊತ್ತಿನ ಮಳೆ, ಬೇಗ ಬಂದ ಮಳೆಯೇ ಆಗಬೇಕಿಲ್ಲ. 42 ವಾರ ದಾಟಿ ಹುಟ್ಟಿದ ಮಗುವೂ ಅಕಾಲಿಕವೇ ಅಲ್ವಾ? 'ಅವಧಿಪೂರ್ವ' ವಾಸಿ, ಆದರೆ ಓದುವವರು ಅವಧಿ ಅಂದರೆ ಡಾಕ್ಟರು ಕೊಟ್ಟ ಡೇಟು ಅಂದುಕೊಳ್ಳುತ್ತಾರೆ. ಆ ಡೇಟು 40 ವಾರಕ್ಕೆ ಬರುತ್ತದೆ. 38 ವಾರಕ್ಕೆ ಹುಟ್ಟಿದ ಮಗು ಡೇಟಿಗಿಂತ ಎರಡು ವಾರ ಮುಂಚೆ ಬಂತು ನಿಜ, ಆದರೆ ಈ ಲೆಕ್ಕಕ್ಕೆ ಸೇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಇರುವುದು 37 ವಾರಕ್ಕೆ, ಅದು ತುಂಬುವ ಮುಂಚೆ ಹುಟ್ಟಿದರೆ ಮಾತ್ರ ಪ್ರೀಟರ್ಮ್.

ಹಾಗಾಗಿ ನಾನು 'ದಿನ ತುಂಬದ ಮಗು' ಅಂತಲೇ ಬರೆಯುತ್ತಿದ್ದೇನೆ. ಮನೆಮಾತು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಅನುಕೂಲವೂ ಇದೆ. '37ನೇ ವಾರದಲ್ಲಿ ಹುಟ್ಟಿತು' ಅಂದರೆ 36 ತುಂಬಿ 37ಕ್ಕೆ ಬಿದ್ದಿದೆ ಅಂತ, ಅಂದರೆ ದಿನ ತುಂಬಿಲ್ಲ. '37 ವಾರ ತುಂಬಿ ಹುಟ್ಟಿತು' ಅಂದರೆ ತುಂಬಿದೆ. 'ಎಂಟು ತುಂಬಿ ಒಂಬತ್ತಕ್ಕೆ ಬಿತ್ತು' ಅಂತ ಬಸುರಿಯ ತಿಂಗಳು ಎಣಿಸುವ ನಮ್ಮ ಅಜ್ಜಿಯಂದಿರು ಈ ವ್ಯತ್ಯಾಸವನ್ನು ಎಂದೂ ತಪ್ಪಿಸುವುದಿಲ್ಲ, ತಪ್ಪಿಸುವುದು ಸುದ್ದಿ ಬರೆಯುವ ನಾವು. (ಏಳು ತಿಂಗಳ ಕೂಸು ಉಳಿಯುತ್ತೆ, ಎಂಟರದ್ದು ಉಳಿಯಲ್ಲ ಅನ್ನುವ ಅವರ ಮಾತು ಮಾತ್ರ ಸುಳ್ಳು. ದಿನ ತುಂಬುವ ತನಕ ಹೊಟ್ಟೆಯಲ್ಲಿ ವಾರ ಜಾಸ್ತಿ ಕಳೆದಷ್ಟೂ ಕೂಸು ಗಟ್ಟಿ.)

ಎರಡನೆಯದು ಹೆರಿಗೆಯೋ ಜನನವೋ? ಅವಳಿ ಆದರೆ ಹೆರಿಗೆ ಒಂದು, ಜನನ ಎರಡು. ಈ ಪ್ರಮಾಣವನ್ನು ಲೆಕ್ಕ ಹಾಕುವುದು ಜೀವಂತವಾಗಿ ಹುಟ್ಟಿದ ಮಕ್ಕಳ ಮೇಲೆ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ತುಂಬುವ ಮುಂಚೆಯೇ ಹುಟ್ಟುತ್ತವೆ, ಆದ್ದರಿಂದ ಇಲ್ಲಿ ಪದ ಬದಲಾದರೆ ಅಂಕಿಯೂ ಬದಲಾಗುತ್ತದೆ. 'ಹೆರಿಗೆ ಪ್ರಮಾಣ' ಅಂತ ಬರೆಯಬಾರದು ಅಂತ ನನ್ನ ವಾದ.

ನಿಜವಾದ ತಲೆನೋವು 'ಟ್ರೆಂಡ್'. 'ಪ್ರವೃತ್ತಿ' ಅಂದರೆ ನನಗೆ ಕಳ್ಳತನದ ಪ್ರವೃತ್ತಿ ನೆನಪಾಗುತ್ತದೆ. 'ಏರಿಳಿತ' ಅನ್ನೋಣ ಅಂದರೆ, ಕೆನಡಾದ ಪ್ರಮಾಣ ಎಷ್ಟೋ ವರ್ಷಗಳಿಂದ ಶೇ 8ರ ಆಸುಪಾಸಿನಲ್ಲೇ ಇದೆ, ಏರಿದ್ದೂ ಇಳಿದದ್ದೂ ಕಮ್ಮಿ. ಅಮೆರಿಕದ್ದು ಇನ್ನೂ ಗೋಜಲು. ಅಲ್ಲಿ 2013ರ ಅಂಕಿ ಅಂತ ಮೊದಲ ಸಲ ಪ್ರಕಟವಾದದ್ದು ಶೇ 11.39, 2014ರದ್ದು ಅಂತ ಪ್ರಕಟವಾದದ್ದು 9.57. ಎರಡನ್ನೂ ಅಕ್ಕಪಕ್ಕ ಇಟ್ಟು 'ಭಾರಿ ಇಳಿಕೆ' ಅಂತ ಶೀರ್ಷಿಕೆ ಕೊಟ್ಟುಬಿಡಬಹುದು. ಆದರೆ ನಡುವೆ ಬದಲಾದದ್ದು ಎಣಿಸುವ ರೀತಿ. ಮೊದಲು ತಾಯಿ ಕೊನೆಯ ಸಲ ಮುಟ್ಟಾದ ದಿನದಿಂದ ವಾರ ಎಣಿಸುತ್ತಿದ್ದರು, ಆಮೇಲೆ ಸ್ಕ್ಯಾನಿಂಗ್ ಎಲ್ಲ ನೋಡಿ ವೈದ್ಯರು ಕೊಡುವ ಅಂದಾಜನ್ನು ಹಿಡಿದರು. ಹೊಸ ರೀತಿಯಲ್ಲಿ ಎಣಿಸಿದರೆ 2013ರ ಅಂಕಿಯೇ 9.62. ನಿಜವಾದ ಇಳಿಕೆ ಇರಲೇ ಇಲ್ಲ ಅಂತಲ್ಲ, ಹೊಸ ಲೆಕ್ಕದಲ್ಲೂ 2007ರಲ್ಲಿ 10.4 ಇದ್ದದ್ದು 2014ರಲ್ಲಿ 9.57ಕ್ಕೆ ಇಳಿದು, 2021ರಲ್ಲಿ ಮತ್ತೆ 10.5ಕ್ಕೆ ಏರಿದೆ. ಕಾಗದದ ಮೇಲಷ್ಟೇ ಆದ ಆ ಇಳಿಕೆಗೆ ಏನನ್ನೋಣ? 'ಲೆಕ್ಕದ ಇಳಿಕೆ' ಅಂತ ಹಾಕಿದ್ದೇನೆ, ಸುಮ್ನೆ ತಾತ್ಕಾಲಿಕವಾಗಿ.

ನಮ್ಮ ಕಡೆಯೂ ಇದೇ ಗೋಳು. ಗೌರಿ ಹಬ್ಬಕ್ಕೆ ಎಂಟು ದಿನ ಮುಂಚೆ ಮುಟ್ಟಾಗಿದ್ದೆ ಅಂತ ಹೇಳಿದರೆ ಅದನ್ನು ತಾರೀಖಿಗೆ ತಿರುಗಿಸಿ ಕಾರ್ಡಿಗೆ ಬರೆಯಬೇಕು, ಮೊದಲ ಸ್ಕ್ಯಾನ್ ತಡವಾದರೆ ಅದನ್ನು ತಿದ್ದುವುದೂ ಕಷ್ಟ. 2020ರ ಅಂದಾಜಿನಲ್ಲಿ ಬಾಂಗ್ಲಾದೇಶದ್ದು ಶೇ 16.2, ಜಗತ್ತಿನಲ್ಲೇ ಜಾಸ್ತಿ. ಭಾರತದ್ದು ಸುಮಾರು 13. ಇದನ್ನು 'ಶೇ 3ರಷ್ಟು ಹೆಚ್ಚು' ಅಂತ ಬರೆದರೆ ತಪ್ಪು, ಹಾಗೆ ನೋಡಿದರೆ ಹತ್ತಿರ ಹತ್ತಿರ ಶೇ 25ರಷ್ಟು ಹೆಚ್ಚು. ಈ 3ರ ಅಂತರಕ್ಕೆ (ಪರ್ಸೆಂಟೇಜ್ ಪಾಯಿಂಟ್) 'ಶೇಕಡಾವಾರು ಅಂಶ' ಅನ್ನುವುದನ್ನು ನೋಡಿದ್ದೇನೆ, ಆದರೆ ಅದು ಯಾರ ಬಾಯಲ್ಲೂ ಬರುವ ಮಾತಲ್ಲ. 'ಇಲ್ಲಿ ನೂರಕ್ಕೆ 13, ಅಲ್ಲಿ ನೂರಕ್ಕೆ 16' ಅಂತ ಬಿಡಿಸಿ ಬರೆದರೆ ಸಾಕಲ್ವಾ?

ದಿನ ತುಂಬಿದ್ದು, ತುಂಬದ್ದು ನನ್ನ ಮಟ್ಟಿಗೆ ಇತ್ಯರ್ಥವಾಗಿದೆ, ಯಾರಾದರೂ ತಕರಾರು ತೆಗೆದರೆ ಕೇಳುತ್ತೇನೆ. 'ಟ್ರೆಂಡ್'ಗೂ ಆ 'ಲೆಕ್ಕದ ಇಳಿಕೆ'ಗೂ ಒಳ್ಳೆ ಪದ ಗೊತ್ತಿದ್ದರೆ ತಿಳಿಸಿ. ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರು ದಿನ ತುಂಬದ ಕೂಸಿಗೆ ಬೇರೆ ಏನಾದರೂ ಅನ್ನುತ್ತಾರಾ?