ವಿಷಯ: 'ಇವೆಂಟ್-ಟ್ರಿಗರ್ಡ್ ಅಪ್‌ಡೇಟ್'ಗೆ ಕನ್ನಡ ಬೇಕು, ತುರ್ತು

ಗೆಳೆಯರೇ,

ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಕನ್ನಡ ಬೋರ್ಡು ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಕೊಡಬೇಕು. ವಿಷಯ, ಗುಂಪಾಗಿ ಹಾರುವ ಡ್ರೋನ್‌ಗಳು. ಮೇಲೆ ಕೂತು ಅಪ್ಪಣೆ ಕೊಡುವವರು ಯಾರೂ ಇಲ್ಲ. ಪ್ರತಿಯೊಂದೂ ಅಕ್ಕಪಕ್ಕದವುಗಳ ಎತ್ತರ ನೋಡಿ ತನ್ನದನ್ನು ತಿದ್ದಿಕೊಳ್ಳುತ್ತದೆ, ಕೊನೆಗೆ ಎಲ್ಲವೂ ಒಂದೇ ಎತ್ತರಕ್ಕೆ ಬರುತ್ತವೆ. ಈ 'ಕನ್ಸೆನ್ಸಸ್'ಗೆ 'ಒಮ್ಮತ' ಹಾಕಿದ್ದೇನೆ.

ತೊಡಕು ಇರುವುದು ಮುಂದೆ. ಇವು ಸೆಕೆಂಡಿಗೆ ಇಷ್ಟು ಸಲ ಅಂತ ಸುಮ್ನೆ ಸುದ್ದಿ ಕಳಿಸುವುದಿಲ್ಲ. ಕೊನೆಯ ಸಲ 10 ಮೀಟರ್ ಅಂತ ಹೇಳಿದ್ದು, ಈಗ 10.3ಕ್ಕೆ ಏರಿದೆ, ಮಿತಿ 20 ಸೆಂಟಿಮೀಟರ್ ಅಂದುಕೊಳ್ಳಿ. ಆಗ ಕಳಿಸುತ್ತದೆ. ಅಲ್ಲಿಯವರೆಗೆ ಪಕ್ಕದವು ಹಳೇ ಲೆಕ್ಕದಲ್ಲೇ ನಡೆಯುತ್ತವೆ. ರೇಡಿಯೊ, ಬ್ಯಾಟರಿ ಎರಡೂ ಉಳಿತಾಯ. 'ಘಟನಾಪ್ರೇರಿತ ನವೀಕರಣ' ಅಂತ ಬರೆದೆ. ಸರ್ಕಾರಿ ಸುತ್ತೋಲೆ ಓದಿದ ಹಾಗಿದೆ. ಗುಂಪಿನ ಒಂದೊಂದು ಡ್ರೋನಿಗೂ 'ಏಜೆಂಟ್' ಅನ್ನುತ್ತಾರೆ, ಅದಕ್ಕೂ ಏನಾದರೂ ಹೇಳಿ, ಹಾಗೇ ಬಿಟ್ಟರೆ ವಿಮೆಯವರು ನೆನಪಾಗುತ್ತಾರೆ.

ಮರು:
> 'ಒಮ್ಮತ' ಹಾಕಿದ್ದೇನೆ

ಮೊದಲು ಅದನ್ನು ತೆಗೆಯಿರಿ. 'ಮತ' ಸಂಸ್ಕೃತ, ಮುಂದೆ ಅಂಟಿರುವುದು ಕನ್ನಡ. ಅರಿಸಮಾಸ. ಟ್ರಿಗರ್‌ಗೆ ಬಂದೂಕಿನವರು ಎಂದೋ 'ಕುದುರೆ' ಅಂದಿದ್ದಾರೆ. ಇರುವ ಪದ ಬಿಟ್ಟು ಪ್ರೇರಿತ ಯಾಕೆ?

ಮರು: ಮರು:
ಅರಿಸಮಾಸ ಅಂತ ಹೊರಟರೆ ಮಗ್ಗಿಪುಸ್ತಕವನ್ನೂ ಬಿಸಾಡಬೇಕು. ಕುದುರೆ ಅಂತ ಬರೆದರೆ ಮಕ್ಕಳು ಬೋರ್ಡಿನಲ್ಲಿ ಕುದುರೆ ಹುಡುಕುತ್ತಾರೆ.

ನಾನು ಕಂಟ್ರೋಲ್ ಎಂಜಿನಿಯರಿಂಗ್ ಪಾಠ ಮಾಡುವವಳು. ಇಲ್ಲಿ 'ಘಟನೆ'ಯೇ ದಾರಿ ತಪ್ಪಿಸುತ್ತದೆ. ಹೊರಗೆ ಏನೂ ನಡೆದಿರುವುದಿಲ್ಲ, ಹೇಳಿದ್ದಕ್ಕೂ ಇರುವುದಕ್ಕೂ ಅಂತರ ಜಾಸ್ತಿಯಾಗಿದೆ, ಅಷ್ಟೇ. 'ಮಿತಿ ಮೀರಿದಾಗ ಸುದ್ದಿ' ಅನ್ನಿ. ಮಿತಿಯ ನಿಯಮ ಸರಿಯಾಗಿ ಕಟ್ಟದಿದ್ದರೆ ಚೂರು ಹೊತ್ತಿನಲ್ಲೇ ಕೊನೆಯಿಲ್ಲದಷ್ಟು ಸಲ ಸುದ್ದಿ ಹೊರಡಬೇಕಾಗುತ್ತದೆ. ಆ ದೋಷಕ್ಕೆ ಗ್ರೀಕರ ತತ್ವಜ್ಞಾನಿ ಝೀನೋನ ಹೆಸರಿದೆ. ಅದನ್ನೂ ಅಚ್ಚಗನ್ನಡ ಮಾಡ್ತೀರಾ ಸಾರ್?

'ಏಜೆಂಟ್' ಬೋರ್ಡಿಗೆ ಬೇಕಿಲ್ಲ, 'ಡ್ರೋನ್' ಸಾಕು. ಚಿತ್ರ ಹಾಕುವುದಾದರೆ ಆಕಾಶದಲ್ಲಿ ಬಾವುಟ ಬಿಡಿಸುವ ಡ್ರೋನ್ ಶೋ ಬೇಡ. ಅಲ್ಲಿ ಪ್ರತಿಯೊಂದರ ದಾರಿಯನ್ನೂ ಸಾಮಾನ್ಯವಾಗಿ ಮೊದಲೇ ಬರೆದಿಟ್ಟಿರುತ್ತಾರೆ. ಹಕ್ಕಿ ಹಿಂಡು ಹಾಕಿ. 1987ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕ್ರೇಗ್ ರೆನಾಲ್ಡ್ಸ್ ಮೂರೇ ನಿಯಮದಲ್ಲಿ ಕಂಪ್ಯೂಟರಿನಲ್ಲಿ ಹಿಂಡು ಹಾರಿಸಿದ್ದರು: ಡಿಕ್ಕಿ ಹೊಡೆಯಬೇಡ, ಪಕ್ಕದವರ ವೇಗಕ್ಕೆ ಹೊಂದಿಕೋ, ಗುಂಪು ಬಿಡಬೇಡ.

ಮರು: ಮರು: ಮರು:
'ಮಿತಿ' ಸಂಸ್ಕೃತ. 'ಸುದ್ದಿ' 'ಶುದ್ಧಿ'ಯ ತದ್ಭವ. 'ಎಲ್ಲೆ ಮೀರಿದಾಗ ಓಲೆ' ಅಂದರೆ ನಾಲಿಗೆ ಸವೆಯುತ್ತದಾ? ಮೇಡಂ ಇಂಗ್ಲಿಷಿನಲ್ಲಿ ಪಾಠ ಮಾಡಿ ಕನ್ನಡಕ್ಕೆ ಎಂಜಲು ಬಡಿಸುತ್ತಿದ್ದಾರೆ.

ಮರು: ಮರು: ಮರು: ಮರು:
ನಿಮ್ಮ ಅರ್ಜಿ ಅರಬ್ಬಿಯದು, ಜಮೀನು ಪಾರಸಿಯದು. ಎರಡನ್ನೂ ವಾಪಸ್ ಕೊಟ್ಟು ಬನ್ನಿ, ಆಮೇಲೆ ಮಾತಾಡೋಣ.

ಮರು: ವಿಷಯ
ಇಬ್ಬರಿಗೂ ನಮಸ್ಕಾರ. 'ಎಲ್ಲೆ ಮೀರಿದಾಗ ಮಾತ್ರ ಸುದ್ದಿ' ಅಂತ ಹಾಕಿದೆ. ಒಮ್ಮತ ಉಳಿಯುತ್ತದೆ. ಎರಡನೇ ಬೋರ್ಡಿಗೆ 'ಲೀಡರ್-ಫಾಲೋಯರ್' ಬಾಕಿ ಇದೆ. 'ಮುಂದಾಳು-ಹಿಂಬಾಲಕ' ನಡೆಯುತ್ತದಾ? ರಾತ್ರಿಯೊಳಗೆ ಹೇಳಿ.