ಮಕ್ಕಳಿಗೆ ಕಾಮಿಕ್ಸ್ ಮಾಡೋದು ಹೇಳಿಕೊಡಬೇಕು, ಎಲ್ಲಿಂದ ಶುರು ಮಾಡಲಿ?

ಶಿರಸಿ ಟೀಚರ್

ನಮಸ್ಕಾರ ಎಲ್ಲರಿಗೂ. ಶಿರಸಿ ಹತ್ತಿರದ ಹಳ್ಳಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹೋಳಿ ಮುಗಿದ ವಾರ, ಮಕ್ಕಳ ತಲೆಯಲ್ಲಿ ತಮಟೆ ಇನ್ನೂ ಬಾರಿಸುತ್ತಲೇ ಇತ್ತು. ಸರಿ, ಹೋಳಿಗೆ ನಮ್ಮ ಕಡೆ ಬೇಡನಂತೆ ವೇಷ ಹಾಕಿ ಕುಣಿಯುವ ಬೇಡರ ವೇಷದ ಮೇಲೆ ಒಂದು ಕಾಮಿಕ್ಸ್ ಮಾಡಿ ಅಂತ ಏಳನೇ ಕ್ಲಾಸಿನವರಿಗೆ ಹೇಳಿದೆ. ಚಿತ್ರ ಚಂದ ಬರೆದಿದ್ದಾರೆ, ನವಿಲುಗರಿ ಒಂದನ್ನೂ ಬಿಟ್ಟಿಲ್ಲ. ಆದರೆ ಎಲ್ಲರದ್ದೂ ಒಂದೇ ತರ, ಮೇಲೆ ಒಂದು ಚಿತ್ರ, ಕೆಳಗೆ ಎಂಟು ಸಾಲು ಬರಹ. ಪಾಠದ ಪುಸ್ತಕ ಓದಿದ ಹಾಗಿದೆ. ಇದು ಕಾಮಿಕ್ಸ್ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾಕೆ ಅಲ್ಲ ಅಂತ ಹೇಳೋಕೆ ಮಾತ್ರ ನನಗೆ ಬರಲಿಲ್ಲ. ಜೊತೆಗೆ ಒಬ್ಬ ಎದ್ದು ನಿಂತು "ಮೊದಲ ಕಾಮಿಕ್ಸ್ ಯಾವುದು ಟೀಚರ್?" ಅಂದ. ನಾನು ಫ್ಯಾಂಟಮ್ ಅಂದುಬಿಟ್ಟೆ. ತಪ್ಪು ಹೇಳಿದೆ ಅಲ್ವಾ?

ಕಾಳಿ ದಂಡೆ, ಕಾರವಾರ

ತಪ್ಪೇ ಟೀಚರ್, ಆದರೆ ನಮ್ಮ ವಯಸ್ಸಿನವರೆಲ್ಲ ಅದನ್ನೇ ಹೇಳುತ್ತಿದ್ದೆವು. ಫ್ಯಾಂಟಮ್ ಅಮೆರಿಕದ ಪೇಪರಿನಲ್ಲಿ ಬಂದದ್ದು 1936ರಲ್ಲಿ. ಅದಕ್ಕೂ ನೂರು ವರ್ಷ ಹಿಂದೆಯೇ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರೊಡಾಲ್ಫ್ ಟೋಪ್ಫರ್ ಅನ್ನುವವನು ಚೌಕ ಚೌಕ ಚಿತ್ರದಲ್ಲಿ ಕಥೆ ಹೇಳುತ್ತಿದ್ದ. ಅವನೂ ಮೇಷ್ಟ್ರೇ, ನಿಮ್ಮ ಜಾತಿಯವನೇ! ಅವನ ಒಂದು ಪುಸ್ತಕ 1837ರಲ್ಲಿ ಅಚ್ಚಾಯಿತು. ಆಮೇಲೆ 1895ರ ಹೊತ್ತಿಗೆ ನ್ಯೂಯಾರ್ಕಿನ ಪೇಪರುಗಳು ಒಂದಕ್ಕೊಂದು ಜಿದ್ದಿಗೆ ಬಿದ್ದು ಭಾನುವಾರದ ಬಣ್ಣದ ಪುಟ ಹಾಕತೊಡಗಿದವು, 'ಯೆಲ್ಲೋ ಕಿಡ್' ಅನ್ನುವ ಬೋಳುತಲೆ ಹುಡುಗ ಬಂದದ್ದು ಅಲ್ಲಿ. ಪೇಪರಿನಲ್ಲಿ ಬಂದದ್ದನ್ನೇ ಒಟ್ಟು ಮಾಡಿ ಪುಸ್ತಕ ಹೊಲಿದು 1934ರಲ್ಲಿ ಹತ್ತು ಸೆಂಟಿಗೆ ಮಾರಿದರು. ಅಲ್ಲಿಂದ ನಾಲ್ಕೇ ವರ್ಷಕ್ಕೆ, 1938ರಲ್ಲಿ, ಸೂಪರ್‌ಮ್ಯಾನ್. ಅದನ್ನು ಮಾಡಿದ ಇಬ್ಬರು ಹುಡುಗರು ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅಡಿಕೆ ತೋಟವನ್ನು ಒಂದು ಮೂಟೆ ಅಡಿಕೆ ರೇಟಿಗೆ ಕೊಟ್ಟ ಹಾಗಾಯಿತು.

ನಮ್ಮ ಕಡೆಗೆ ಫ್ಯಾಂಟಮ್ ಬಂದದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ, 1964ರಿಂದ. ಕನ್ನಡದಲ್ಲೂ ಬರುತ್ತಿತ್ತು, 1990ಕ್ಕೆ ನಿಂತಿತು. ನನ್ನ ಹತ್ತಿರ ಇದ್ದ ಒಂದು ಕಟ್ಟನ್ನು ಅಟ್ಟದ ಮೇಲೆ ಒರಲೆ ತಿಂದು ಹಾಕಿತು, ಆ ಸಂಕಟ ಬೇಡ ಬಿಡಿ. ಅಮರ ಚಿತ್ರ ಕಥೆ ಮಾಡಿದ ಅನಂತ ಪೈ ಕಾರ್ಕಳದವರು ಅಂತ ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ. ಆ ಸರಣಿಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ, ಸಿಂಡ್ರೆಲಾ ತರದ ಹೊರಗಿನ ಕಥೆಗಳು. ಇಂಗ್ಲಿಷಿನ ಮೊದಲ ಪುಸ್ತಕ 'ಕೃಷ್ಣ'ಕ್ಕೆ 11ನೇ ನಂಬರು ಬಿದ್ದದ್ದು ಅದಕ್ಕೇ.

ಕೋಕಂ ಶರಬತ್ತು

ಇತಿಹಾಸ ಆಯಿತು, ಟೀಚರ್ ಕೇಳಿದ ಮುಖ್ಯ ಪ್ರಶ್ನೆಗೆ ಬರೋಣ. ನಾನು ಚಿತ್ರ ಬರೆದೇ ಹೊಟ್ಟೆ ಹೊರೆಯೋನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಒಂದು ಚೌಕಕ್ಕೆ ಪ್ಯಾನೆಲ್ ಅನ್ನುತ್ತೇವೆ. ಎರಡು ಪ್ಯಾನೆಲ್ ನಡುವಿನ ಬಿಳಿ ಜಾಗಕ್ಕೆ ಗಟರ್. ಹೌದು, ನಮ್ಮ ಊರಿನ ಗಟಾರವೇ. ಮಕ್ಕಳು ನಗಲಿ, ನಕ್ಕರೆ ಮರೆಯೋದಿಲ್ಲ. ಕಾಮಿಕ್ಸ್ ಇರುವುದು ಆ ಗಟಾರದಲ್ಲಿ ಟೀಚರ್. ಬೇಡರ ವೇಷವನ್ನೇ ತಗೊಳ್ಳಿ. ಬೇಡನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದು ಎಳೆಯುತ್ತಾರಲ್ಲ, ಮೊದಲ ಚೌಕದಲ್ಲಿ ಆ ಕೈ ಮತ್ತು ಬಿಗಿಯಾದ ಹಗ್ಗ ಅಷ್ಟೇ ಬರೆಸಿ. ಎರಡನೇ ಚೌಕದಲ್ಲಿ ಹಗ್ಗ ರಸ್ತೆ ಮೇಲೆ ಬಿದ್ದಿದೆ, ಪಕ್ಕದಲ್ಲಿ ಯಾರದೋ ಒಂದು ಚಪ್ಪಲಿ. ಬೇಡ ತಪ್ಪಿಸಿಕೊಂಡ ಅಂತ ನೀವು ಬರೆಯಲೂ ಇಲ್ಲ, ತೋರಿಸಲೂ ಇಲ್ಲ. ಅವನನ್ನು ಬಿಟ್ಟದ್ದು ಓದುವವನು, ನಡುವಿನ ಬಿಳಿ ಜಾಗದಲ್ಲಿ. ನಿಮ್ಮ ಮಕ್ಕಳ ಎಂಟು ಸಾಲು ಆ ಕೆಲಸವನ್ನು ಓದುವವನ ಕೈಯಿಂದ ಕಿತ್ತುಕೊಂಡಿದೆ, ಅದಕ್ಕೇ ಸಪ್ಪೆ.

ಮಾತಿಗೆ ಬಲೂನು, ಮನಸ್ಸಿನ ಮಾತಿಗೆ ಮೋಡದ ಆಕಾರ, 'ಮರುದಿನ ಬೆಳಿಗ್ಗೆ' ಅನ್ನೋಕೆ ಚೌಕದ ಮೂಲೆಯಲ್ಲಿ ಸಣ್ಣ ಡಬ್ಬಿ. ಇವನ್ನೆಲ್ಲ ಮಕ್ಕಳು ತಾವೇ ಕಲಿಯುತ್ತಾರೆ. ಕನ್ನಡದ ತಾಪತ್ರಯ ಬೇರೆ ಇದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಒಂದರ ಒತ್ತು ಇನ್ನೊಂದರ ತಲೆ ಮೇಲೆ ಕೂರುತ್ತದೆ. ಪದಗಳೂ ಉದ್ದ. 'ತಪ್ಪಿಸಿಕೊಂಡುಬಿಟ್ಟಿದ್ದಾನೆ' ಅಂತ ಬರೆದರೆ ಬಲೂನು ಅಲ್ಲಿಗೇ ಒಡೆಯಿತು. 'ಓಡಿದ!' ಸಾಕು. ಮೊದಲು ಮಾತು ಬರೆದು ಆಮೇಲೆ ಸುತ್ತ ಬಲೂನು ಎಳೆಯೋದು, ಮೊದಲೇ ಬಲೂನು ಎಳೆದರೆ ಕೊನೆ ಪದ ಯಾವಾಗಲೂ ಇರುವೆ ಗಾತ್ರ ಆಗುತ್ತದೆ. ಮೊದಲು ಮಾತಾಡಿದವನ ಬಲೂನು ಎಡಕ್ಕೆ, ಮೇಲೆ. ತಮಟೆ ಸದ್ದನ್ನು ಬಲೂನಿಗೆ ಹಾಕಬೇಡಿ, ಅದು ಚೌಕದ ತುಂಬ ದಪ್ಪ ಅಕ್ಷರದಲ್ಲಿ ಬರಲಿ.

ಯಾಣದ ಜೇನು

@ಕಾಳಿ ದಂಡೆ ಎಲ್ಲದಕ್ಕೂ ಫಾರಿನ್ನಿಗೇ ಯಾಕೆ ಹೋಗಬೇಕು ಮಾರಾಯ್ರೆ? ತರೀಕೆರೆ ಹತ್ತಿರ ಅಮೃತಪುರದ ದೇವಸ್ಥಾನ ನೋಡಿದ್ದೀರಾ? ಹೊಯ್ಸಳರ ಕಾಲದ್ದು. ರಾಮಾಯಣವನ್ನು ಎಪ್ಪತ್ತು ಚೌಕದಲ್ಲಿ ಸಾಲಾಗಿ ಕೆತ್ತಿದ್ದಾರೆ. ಕಾಮಿಕ್ಸ್ ಅಲ್ಲದೆ ಮತ್ತೇನು ಅದು?

ಕಾಳಿ ದಂಡೆ, ಕಾರವಾರ

ನೋಡಿದ್ದೇನೆ ತಮ್ಮಾ, ಚೌಕ ಸಾಲಾಗಿ ಕಥೆ ಹೇಳುತ್ತದೆ, ಒಪ್ಪಿದೆ. ಆದರೆ ಅದನ್ನು ಪುಸ್ತಕದ ಅಡಿಯಲ್ಲಿ ಮುಚ್ಚಿಟ್ಟು ಕ್ಲಾಸಿನಲ್ಲಿ ಓದೋಕೆ ಆಗುತ್ತಾ? ನಾನು ಹೇಳಿದ್ದು ಅಚ್ಚು ಹಾಕಿ, ಅಗ್ಗಕ್ಕೆ ಮಾರಿದ್ದು. ಶಿಲ್ಪಿಯನ್ನು ಅಜ್ಜ ಅನ್ನು, ನನ್ನ ತಕರಾರಿಲ್ಲ.

ಶಿರಸಿ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹಗ್ಗ, ಚಪ್ಪಲಿ ಬೋರ್ಡಿನ ಮೇಲೆ ಬರೆದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು "ಚಪ್ಪಲಿ ನನ್ನ ತಮ್ಮಂದು, ಅವನು ಹೆದರಿ ಓಡಿದ್ದ" ಅಂದಳು, ಅಲ್ಲಿಂದ ಗಲಾಟೆಯೋ ಗಲಾಟೆ. ಈಗ ಚಿತ್ರದ ಕೆಳಗಿನ ಬರಹ ಎಲ್ಲ ಹೊಡೆದು ಹಾಕಿ ಮತ್ತೆ ಶುರು ಮಾಡಿದ್ದಾರೆ. ಒಬ್ಬ ಮಾತ್ರ ತನ್ನ ಎಂಟು ಸಾಲು ಬಿಡೋದೇ ಇಲ್ಲ ಅಂತ ಕೂತಿದ್ದಾನೆ, ಅಕ್ಷರ ಚಂದ ಇದೆಯಂತೆ. ಪುಸ್ತಕ ಮಾಡೋಕೆ ದುಡ್ಡಿಲ್ಲ, ಜೆರಾಕ್ಸ್ ಅಷ್ಟೇ. ಏನಾದರೂ ಉಪಾಯ ಇದೆಯಾ?

ಕೋಕಂ ಶರಬತ್ತು

ಒಂದೇ ಎ4 ಹಾಳೆ ಸಾಕು. ಎಂಟು ಸಮ ಭಾಗ ಆಗುವ ಹಾಗೆ ಮಡಚಿ ಬಿಚ್ಚಿ. ಉದ್ದದ ನಡು ಗೆರೆಯಲ್ಲಿ ಮಧ್ಯದ ಎರಡು ಭಾಗದಷ್ಟು ಮಾತ್ರ ಕತ್ತರಿಸಿ. ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಗೆ ತಳ್ಳಿದರೆ ಮುಖಪುಟ ಸೇರಿ ಎಂಟು ಪುಟದ ಪುಸ್ತಕ, ಪಿನ್ನೂ ಬೇಡ. ಹಾಳೆಯ ಒಂದೇ ಬದಿ ಜೆರಾಕ್ಸ್ ಮಾಡಿದರಾಯಿತು. ಬರೆಯೋ ಮೊದಲು ಖಾಲಿ ಹಾಳೆ ಮಡಚಿ ಪುಟದ ನಂಬರು ಹಾಕಿಕೊಳ್ಳಿ, ಬಿಚ್ಚಿದಾಗ ಅರ್ಧ ಪುಟ ತಲೆಕೆಳಗಾಗಿರುತ್ತವೆ. ಮತ್ತೆ ಆ ಎಂಟು ಸಾಲಿನ ಹುಡುಗನಿಗೆ ಎಲ್ಲರ ಬಲೂನಿನ ಮಾತು ಬರೆಯೋ ಕೆಲಸ ಕೊಡಿ. ನಮ್ಮಲ್ಲಿ ಅದಕ್ಕೆ ಬೇರೆ ಆಳೇ ಇರುತ್ತಾನೆ, ಲೆಟರರ್ ಅಂತ.