ಸಹಾಯ ಬೇಕು: ವಿದ್ಯುನ್ಮಾನ ರೋಗಿ ದಾಖಲೆ ಬರೆಯುವುದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ವಾರ್ಡಿಗೆ ಬರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಲ್ಲಿ ರೋಗಿಯ ದಾಖಲೆ ಬರೆಯುವುದನ್ನು ಕಲಿಸುವ ಹೊಣೆ ನನ್ನದಾಗಿದ್ದು, ಇದರಲ್ಲಿ ಅನುಭವವಿರುವವರ ಸಲಹೆ ಬೇಕಾಗಿದೆ. ತಂತ್ರಾಂಶದ ಬಳಕೆಯನ್ನು ಅವರು ಬೇಗ ಕಲಿಯುತ್ತಾರೆ, ತೊಡಕಿರುವುದು ಬರವಣಿಗೆಯಲ್ಲಿ. ಹಿಂದಿನ ದಿನದ ಟಿಪ್ಪಣಿಯನ್ನು ಹಾಗೆಯೇ ಕಾಪಿ ಮಾಡಿ ಪೇಸ್ಟ್ ಮಾಡುವುದರಿಂದ, ಜ್ವರ ಬಿಟ್ಟು ಮೂರು ದಿನವಾದರೂ ‘ನಿನ್ನೆಯಿಂದ ಜ್ವರ’ ಎಂಬ ಸಾಲು ಉಳಿದಿರುತ್ತದೆ, ನಿಲ್ಲಿಸಿದ ಔಷಧಿಯೂ ಪಟ್ಟಿಯಲ್ಲಿ ಮುಂದುವರಿದಿರುತ್ತದೆ. ರಾತ್ರಿ ಪಾಳಿಯ ವೈದ್ಯರು ಅದನ್ನೇ ನಂಬಿ ನಿರ್ಧಾರ ಕೈಗೊಂಡರೆ ರೋಗಿಗೆ ಅಪಾಯ.

1968ರಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರು ಪ್ರತಿಪಾದಿಸಿದ ಸಮಸ್ಯಾಧಾರಿತ ದಾಖಲೆಯ (ರೋಗಿಯ ಒಂದೊಂದು ಸಮಸ್ಯೆಗೂ ಪ್ರತ್ಯೇಕವಾಗಿ ಬರೆಯುವ) ಕ್ರಮವನ್ನು ಅನುಸರಿಸಿ, ರೋಗಿ ಹೇಳಿದ್ದು, ಪರೀಕ್ಷೆಯಲ್ಲಿ ಕಂಡದ್ದು, ವಿಶ್ಲೇಷಣೆ, ಮುಂದಿನ ಯೋಜನೆ ಎಂದು ವಿಂಗಡಿಸಿ ಬರೆಸುತ್ತಿದ್ದೇನೆ. ಆದರೆ ವಿಶ್ಲೇಷಣೆಯಲ್ಲಿ, ಅಂದರೆ ವಿದ್ಯಾರ್ಥಿಯ ಆಲೋಚನೆ ಕಾಣಬೇಕಾದ ಕಡೆಯಲ್ಲೇ, ಟೆಂಪ್ಲೇಟಿನ ಸಿದ್ಧ ಮಾತುಗಳು ತುಂಬಿಕೊಳ್ಳುತ್ತವೆ. ನನಗೆ ಅತಿ ಹೆಚ್ಚು ಚಿಂತೆ ತರುವುದು ಇದೇ.

ಕಲ್ಪಿತ ರೋಗಿಗಳಿರುವ ಅಭ್ಯಾಸ ವ್ಯವಸ್ಥೆಯನ್ನು ಬಳಸಿದವರು, ಅಲ್ಲಿ ಕಲಿತದ್ದು ವಾರ್ಡಿನಲ್ಲೂ ಉಳಿಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ವಿದ್ಯಾರ್ಥಿಗಳು ತಮ್ಮದೇ ಲಾಗಿನ್‌ನಲ್ಲಿ ಬರೆದ ಟಿಪ್ಪಣಿಯನ್ನು ಹಿರಿಯ ವೈದ್ಯರು ಪರಿಶೀಲಿಸಿ ಸಹಿ ಮಾಡುವ ಪದ್ಧತಿಯನ್ನು ನೀವು ಹೇಗೆ ಅಳವಡಿಸಿದ್ದೀರಿ, ಟಿಪ್ಪಣಿಗಳಿಗೆ ಅಂಕ ಕೊಡಲು ಯಾವ ಮಾನದಂಡ ಬಳಸುತ್ತೀರಿ ಎಂಬುದೂ ತಿಳಿದರೆ ಬಹಳ ಉಪಕಾರವಾಗುತ್ತದೆ. ಮಾದರಿ ಟಿಪ್ಪಣಿ ಕಳುಹಿಸುವವರು ನಿಜವಾದ ರೋಗಿಗಳ ಯಾವ ವಿವರವೂ ಅದರಲ್ಲಿ ಇರದಂತೆ ನೋಡಿಕೊಳ್ಳಬೇಕೆಂದು ವಿನಂತಿ.